ಗೋಡೆ ಮೇಲಿನ ಅಕ್ಷರಕ್ಕೆ ಯಾರು ಹೊಣೆ?

ನಾನು ಏಳನೇ ಕ್ಲಾಸು ಓದಿದವನು. ಹೊಲ, ಹಾಡು ಇವೆರಡೇ ನನ್ನ ವಿದ್ಯೆ. ಆದ್ರೂ ಒಂದು ಪ್ರಶ್ನೆ ತಲೆಯಲ್ಲಿ ಕೂತೈತಿ. ಈ ಫ್ಲೆಕ್ಸಿನ ಕಾಲದಲ್ಲಿ ಕುಂಚ ಹಿಡಿದು ಬೋರ್ಡು ಬರೆಯೋನು ಬೇಕಾ, ಬೇಡವಾ?

ನ್ಯಾಯ ಹೇಳೋನು ಎರಡೂ ಕಡೆ ಕೇಳಬೇಕು. ಮೊದಲು ಫ್ಲೆಕ್ಸಿನ ಪರ ಹೇಳ್ತೀನಿ. ಮಿರ್ಚಿ ಬಂಡಿ ಇಟ್ಟ ಬಡವನಿಗೆ ಮುಂಜಾನೆ ಹೇಳಿದರೆ ಸಂಜೆಗೆ ಬೋರ್ಡು ಬರುತ್ತೈತಿ, ರೊಕ್ಕವೂ ಕಮ್ಮಿ. ಹೆದ್ದಾರಿಯಲ್ಲಿ ಲಾರಿಯ ಬೆಳಕು ಬಿದ್ದ ಕೂಡಲೇ ಹೊಳೆಯುವ ಫಲಕ ಜೀವ ಉಳಿಸುತ್ತದೆ. ಕುಂಚದ ಬಣ್ಣಕ್ಕೆ ಆ ಹೊಳಪು ಇಲ್ಲ. ಇದನ್ನು ಒಪ್ಪದೆ ಹಳೇದೇ ಚಂದ ಅನ್ನೋದು ಬರೀ ಮೊಂಡುತನ.

ಇನ್ನು ಪೇಂಟರನ ಕೆಲಸ ನೋಡ್ರಿ. ಗೋಡೆಗೆ ಸುಣ್ಣ ಹಚ್ಚಿ, ಬಣ್ಣದ ಪುಡಿಯಲ್ಲಿ ಅದ್ದಿದ ದಾರ ಎಳೆದು ಗೆರೆ ಹೊಡೆಯುತ್ತಾನೆ. ಸೀಮೆಸುಣ್ಣದಲ್ಲಿ ಅಕ್ಷರದ ಅಂದಾಜು ಹಾಕಿ ಆಮೇಲೆ ಬಣ್ಣ ತುಂಬುತ್ತಾನೆ. ಅಷ್ಟರಲ್ಲಿ ಸುತ್ತ ನಾಲ್ಕು ಮಂದಿ ನಿಂತಿರುತ್ತಾರೆ. "ಪೇಂಟರಣ್ಣ, ಅಲ್ಲಿ ದೀರ್ಘ ಬರಬೇಕು" ಅಂತ ಒಬ್ಬರು ಅಂತಾರೆ. ಅವನು ಒರೆಸಿ ತಿದ್ದುತ್ತಾನೆ. ಕೊನೆಗೆ ಮೂಲೆಯಲ್ಲಿ ತನ್ನ ಹೆಸರು ಹಾಕುತ್ತಾನೆ. ಅಂದ್ರೆ ತಪ್ಪಿದ್ದರೆ ನನ್ನನ್ನೇ ಕೇಳ್ರಿ ಅಂತ.

ಗಡಿಯ ನಮಗೆ ಈ ಮಾತು ದೊಡ್ಡದು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ಹಳೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಮನೆ ಮಾತು ಕನ್ನಡ, ಕಚೇರಿ ಮಾತು ತೆಲುಗು. ಇದರಲ್ಲಿ ಜಗಳವಿಲ್ಲ, ಎರಡು ಲಿಪಿಯೂ ಒಂದೇ ತಾಯಿಯ ಮಕ್ಕಳು. ಗ, ನ ಅಕ್ಷರಗಳಿಗೆ ತಲೆಕಟ್ಟಷ್ಟೇ ಬೇರೆ. ತೆಲುಗಿನದು ಮೇಷ್ಟ್ರು ಟಿಕ್ ಹಾಕಿದಂತೆ ಮೇಲೇರುತ್ತದೆ, ಕನ್ನಡದ್ದು ಬಲಕ್ಕೆ ಬಾಗುತ್ತದೆ. ಪೇಂಟರನ ಕೈಗೆ ಈ ಎರಡೂ ಗೊತ್ತಿದ್ದವು.

ಒಮ್ಮೆ ನಮ್ಮ ಭಜನೆ ಮೇಳಕ್ಕೆ ಫ್ಲೆಕ್ಸ್ ಮಾಡಿಸಿದ್ವಿ. ಬರೆದುಕೊಟ್ಟಿದ್ದು ಸರಿಯೇ ಇತ್ತು. ಬಂದದ್ದರಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಅಂಗಡಿ ಹುಡುಗನಿಗೆ ಕನ್ನಡ ಬಾರದು, ಕಂಪ್ಯೂಟರಿನಲ್ಲಿ ಹಂಗೇ ಕಾಣ್ತು ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಆ ತಪ್ಪಿಗೆ ಹೊಣೆ ಯಾರು? ಹುಡುಗನೂ ಅಲ್ಲ, ಮಿಷನ್ನೂ ಅಲ್ಲ. ಯಾರೂ ಹೊಣೆಯಲ್ಲದ ಅಕ್ಷರವನ್ನೇ ನಮ್ಮ ಮಕ್ಕಳು ದಿನಾ ಓದುತ್ತಾ ಶಾಲೆಗೆ ಹೋಗುತ್ತಾರೆ. ಬೀದಿಯ ಬೋರ್ಡೂ ಒಂದು ಪಾಠಪುಸ್ತಕವೇ ಅಲ್ಲವೇ ಮೇಷ್ಟ್ರೇ?

ಕರ್ನಾಟಕದಲ್ಲಿ 2024ರಲ್ಲಿ ಅಂಗಡಿ ಬೋರ್ಡಿನ ಶೇ. 60 ಭಾಗ ಕನ್ನಡ ಇರಬೇಕೆಂದು ಕಾನೂನು ತಂದರು. ಒಳ್ಳೇದೇ. ಆದ್ರೆ ಕಾನೂನು ಅಕ್ಷರದ ಜಾಗ ಅಳೆಯಬಹುದು, ಅಕ್ಷರದ ಮೇಲಿನ ಅಕ್ಕರೆ ಅಳೆಯಲಾರದು. ದೆಹಲಿಯ ಹನೀಫ್ ಕುರೇಶಿ ಎಂಬ ಕಲಾವಿದರು ಬೀದಿ ಪೇಂಟರುಗಳ ಅಕ್ಷರಗಳನ್ನು ಕೂಡಿಸಿ ಕಂಪ್ಯೂಟರ್ ಫಾಂಟು ಮಾಡಿದರು, ಫಾಂಟಿಗೆ ಆ ಪೇಂಟರ ಹೆಸರನ್ನೇ ಇಟ್ಟರು. ಮಿಷನ್ನಿನೊಳಗೂ ಮನುಷ್ಯನ ಹೆಸರು ಉಳಿಸಬಹುದು ಅನ್ನೋದಕ್ಕೆ ಅದು ಸಾಕ್ಷಿ. ಆದ್ರೆ ಫಾಂಟು ಹಾಡಿನ ರೆಕಾರ್ಡಿದ್ದಂತೆ. ದನಿ ಉಳಿಯುತ್ತೈತಿ, ಎದುರು ಕೂತವರ ಮುಖ ನೋಡಿ ಪದ ತಿದ್ದೋದು ಅದಕ್ಕೆ ಬಾರದು.

ಹಂಗಾದ್ರೆ ಯಾವುದಕ್ಕೆ ಯಾವುದು? ನಾಲ್ಕು ದಿನದ ಸುದ್ದಿಗೆ ಫ್ಲೆಕ್ಸು ಸಾಕು ಅಂತಾರೆ. ನನಗೆ ಅದೂ ಪೂರ್ತಿ ಒಪ್ಪಿಗೆಯಿಲ್ಲ. ಸುದ್ದಿ ನಾಲ್ಕು ದಿನದ್ದು, ಪ್ಲಾಸ್ಟಿಕ್ಕು ಹೊಲದಲ್ಲಿ ಎಷ್ಟು ವರ್ಷವಾದರೂ ಕೊಳೆಯದು. ಅಂಥ ಸುದ್ದಿಗೆ ಬಟ್ಟೆಯೋ ಕಾಗದವೋ ಆದೀತು. ಹೆದ್ದಾರಿಗೆ ಹೊಳೆಯುವ ಫಲಕವೇ ಇರಲಿ. ಆದ್ರೆ ಊರಿನ ಹೆಸರು, ಶಾಲೆ, ಗುಡಿ, ಈ ನಮ್ಮ ವಾಚನಾಲಯ, ಇವು ಉಳಿಯಬೇಕಾದವು. ಇವನ್ನು ಕೈಯಿಂದಲೇ ಬರೆಸೋಣ, ಎರಡೂ ಲಿಪಿಯಲ್ಲಿ ಬರೆಸೋಣ. ಬರೆದವನಿಗೆ ಚೌಕಾಸಿ ಮಾಡದೆ ಕೂಲಿ ಕೊಡೋಣ. ಬಣ್ಣದ ಡಬ್ಬಿ ಹಿಡಿಯೋಕೆ ಶಾಲೆಯ ಇಬ್ಬರು ಮಕ್ಕಳನ್ನು ನಿಲ್ಲಿಸೋಣ. ನೋಡ್ತಾ ನೋಡ್ತಾ ಅವರ ಕೈಗೂ ತಲೆಕಟ್ಟು ಬಂದೀತು.