ಕೊಲ್ಲಿಸಿದವನು ಕರ್ತೃವಲ್ಲವೇ?

ಗುಲಾಬಿ, ದ್ರಾಕ್ಷಿಗಳಿಗೆ ಕಂಟಕಪ್ರಾಯವಾದ ಜಪಾನೀ ದುಂಬಿಯು 1916ರಲ್ಲಿ ಅಮೆರಿಕದ ನ್ಯೂಜೆರ್ಸಿಯ ನರ್ಸರಿಯೊಂದರಲ್ಲಿ ಕಂಡುಬಂದಿತು. ದುಂಬಿಯು ಎಲೆ ಹೂ ಹಣ್ಣುಗಳನ್ನು ತಿಂದರೆ, ಅದರ ಮರಿಹುಳುವು ಮಣ್ಣಿನಲ್ಲಿ ಅಡಗಿ ಬೇರನ್ನು ತಿನ್ನುತ್ತದೆ. ಈ ಮರಿಹುಳುವಿಗೆ ಒಂದು ರೋಗ ಬರುವುದನ್ನು ವಿಜ್ಞಾನಿಗಳು ಕಂಡರು. ಬ್ಯಾಕ್ಟೀರಿಯಾ ಹೊಟ್ಟೆ ಸೇರಿ, ಹುಳುವಿನ ದೇಹದ್ರವವು ಹಾಲಿನಂತೆ ಬೆಳ್ಳಗಾಗಿ ಅದು ಸಾಯುತ್ತದೆ. ಕಳೇಬರದಿಂದ ರೋಗಬೀಜಗಳು ಪುನಃ ಮಣ್ಣಿಗೆ ಸೇರುತ್ತವೆ. 1939ರಿಂದ ಸರ್ಕಾರವೇ ಈ ಬೀಜಗಳ ಪುಡಿಯನ್ನು ಹುಲ್ಲುನೆಲಗಳಲ್ಲಿ ಹಾಕಿಸತೊಡಗಿತು.

ಇಲ್ಲಿ ಕೆಲವರು ಹೇಳುವುದುಂಟು: "ವಿಷವಿಕ್ಕಿದರೆ ಹಿಂಸೆ, ರೋಗದಿಂದ ಸತ್ತರೆ ಅದು ಪ್ರಕೃತಿಯ ವ್ಯಾಪಾರ. ನಮಗೇನು ಲೇಪ?"

ಈ ಸಮಾಧಾನ ನಿಲ್ಲದು. ಪಾಣಿನಿಯು ಕರ್ತೃವನ್ನು ಪ್ರೇರಿಸುವವನಿಗೆ 'ಹೇತು'ವೆಂಬ ಹೆಸರಿನೊಡನೆ ಕರ್ತೃವೆಂಬ ಹೆಸರನ್ನೂ ಕೊಟ್ಟಿದ್ದಾನೆ. ಅಡಿಗೆ ಮಾಡಿಸಿದವನೂ ಕರ್ತೃವೇ. (ಹಸಿರು ಬಾವುಟ ಬೀಸಿದ ಗಾರ್ಡು, ಗಾಡಿ ಹೊರಟಿದ್ದಕ್ಕೂ ತನಗೂ ಸಂಬಂಧವಿಲ್ಲವೆಂದರೆ ರೈಲ್ವೆಯಲ್ಲಿ ಯಾರೂ ಒಪ್ಪುವುದಿಲ್ಲ!) ಪುಡಿ ಹಾಕಿದವನ ಸಂಕಲ್ಪವೇ ಹುಳು ಸಾಯಲೆಂಬುದಾಗಿತ್ತಲ್ಲವೆ? ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ - ಗೃಹಸ್ಥನ ಈ ಪಂಚಸೂನೆಗಳನ್ನು ಮನುಸ್ಮೃತಿ ಎಣಿಸಿ, ಪರಿಹಾರವಾಗಿ ಪಂಚಮಹಾಯಜ್ಞಗಳನ್ನು ವಿಧಿಸಿದೆ. ಆದರೆ ಆ ಹಿಂಸೆ ಅನುದ್ದಿಷ್ಟ, ಇದು ಉದ್ದಿಷ್ಟ. ಆದುದರಿಂದ ಆ ಆಶ್ರಯವೂ ಇಲ್ಲಿ ಪೂರ್ತಿಯಾಗಿ ದೊರೆಯದು.

ಹಾಗಾದರೆ ಈ ಉಪಾಯಕ್ಕೆ ಏನು ಹೆಚ್ಚಳ? ಹಿಂಸೆಯ ವ್ಯಾಪ್ತಿಯಲ್ಲಿದೆ. ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಗೊಂಡ ಬಿ.ಎಚ್.ಸಿ. ಪುಡಿ ಅಪರಾಧಿಯನ್ನೂ ನಿರಪರಾಧಿಯನ್ನೂ ಬೇರೆಮಾಡಿ ನೋಡುತ್ತಿರಲಿಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಆಹಾರದೊಳಕ್ಕೂ ಬರುತ್ತಿತ್ತು. ಹಾಲುರೋಗವಾದರೋ ಆ ದುಂಬಿಯ ಕುಲವನ್ನು ದಾಟುವುದಿಲ್ಲ. ಎರೆಹುಳು, ಜೇನು, ಹಕ್ಕಿಗಳಿಗೆ ಬಾಧೆಯಿಲ್ಲ. ಈಗ ಮಾರಾಟದಲ್ಲಿರುವ ಸೂಕ್ಷ್ಮ ದುಂಡುಹುಳುಗಳು ಇನ್ನೂ ಶೀಘ್ರಕಾರಿಗಳು. ಮರಿಹುಳುವಿನ ಬಾಯಿ ಅಥವಾ ಉಸಿರುರಂಧ್ರದಿಂದ ಒಳಹೊಕ್ಕು, ತಮ್ಮೊಡನಿರುವ ಬ್ಯಾಕ್ಟೀರಿಯಾವನ್ನು ಬಿಟ್ಟು, ಸುಮಾರು 2 ದಿನಗಳಲ್ಲಿ ಕೊಲ್ಲುತ್ತವೆ. ಆದರೆ ಅವುಗಳಲ್ಲಿ ಹಲವು ಜಾತಿಗಳಿಗೆ ಭಕ್ಷ್ಯವಾಗಬಲ್ಲ ಕೀಟಗಳು ಅನೇಕ. ಆದಕಾರಣ ಎರಡನ್ನೂ ಒಂದೇ ತಕ್ಕಡಿಯಲ್ಲಿ ಸಮವೆಂದು ತೂಗುವುದು ನನಗೆ ಸಮ್ಮತವಲ್ಲ.

ಹಾಲುರೋಗಕ್ಕೆ ಒಂದು ಕೊರತೆಯುಂಟು: ನೆಲದಲ್ಲಿ ಅದು ನೆಲೆಯೂರಲು ಕೆಲವು ವರ್ಷಗಳೇ ಬೇಕು. ಅಷ್ಟು ಕಾಲ ಗುಲಾಬಿಯ ಎಲೆಗಳು ತೂತಾಗುವುದನ್ನು ತೋಟದವನು ನೋಡುತ್ತಲೇ ಇರಬೇಕಾಗುತ್ತದೆ.