‘ನಮ್ಮ ಟೀಮು’ ಅನ್ನುವ ಹಕ್ಕು

ಬೈಲಹೊಂಗಲದ ಹತ್ತಿ ಮಾರುಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಚಹಾದಂಗಡಿ ಇದೆ. ಧಾರವಾಡದಲ್ಲಿ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದ ನಾವು ನಾಲ್ವರು ತಿಂಗಳಿಗೊಮ್ಮೆ ಅಲ್ಲಿ ಸೇರುತ್ತೇವೆ. ಒಬ್ಬ ಕಿತ್ತೂರಿನ ಶಾಲಾ ಮಾಸ್ತರ. ಸವದತ್ತಿಯವನು ಎಲ್ಲಮ್ಮನ ಗುಡ್ಡದಲ್ಲಿ ಕುಂಕುಮ, ಭಂಡಾರದ ಅಂಗಡಿ ಇಟ್ಟಿದ್ದಾನೆ. ರಾಮದುರ್ಗದವನ ಮನೆಯಲ್ಲಿ ಮಗ್ಗ. ನಾಲ್ಕನೆಯವನು ನಾನು, ಇದೇ ಊರಿನವನು. ಸೇರಿದ ಹತ್ತೇ ನಿಮಿಷಕ್ಕೆ ಮಾತು ಬೆಂಗಳೂರು ಎಫ್‌ಸಿಗೆ ಬಂದು ನಿಲ್ಲುತ್ತದೆ. ನಡುಭಾಗದಲ್ಲಿ ಚೆಂಡು ಹಿಡಿದು ನಿಲ್ಲುವವರಿಲ್ಲ, ಯಾರನ್ನು ಬಿಡಬಾರದಿತ್ತೋ ಅವರನ್ನು ಬಿಟ್ಟರು, ಯಾರನ್ನು ತರಬಾರದಿತ್ತೋ ಅವರನ್ನು ತಂದರು, ಮಾಲೀಕರಿಗೆ ಆಟದ ಮೇಲೆ ಮನಸ್ಸಿಲ್ಲ. ವರ್ಷಗಳಿಂದ ನಮ್ಮ ಜಗಳ ಇದೇ.

ಕಳೆದ ಸಲ ಜಗಳ ಜೋರಾದಾಗ ಚಹಾದ ಕಾಕಾ ಬಟ್ಟಲು ಇಡುತ್ತ ಕೇಳಿದರು: “ಅಲ್ರೋ ತಮ್ಮಗೋಳ್ರಾ, ಆ ಟೀಮಿನ್ಯಾಗ ನಿಮ್ಮದು ಎಷ್ಟ ಪಾಲ ಐತಿ?”

ನಾವು ನಕ್ಕೆವು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಪೈಸೆಯ ಪಾಲಿಲ್ಲದೆ, ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ ಕುಳಿತು, ಯಾವ ಹಕ್ಕಿನಿಂದ ನಾವು ಅದನ್ನು ‘ನಮ್ಮದು’ ಎನ್ನುತ್ತೇವೆ?

ಹಕ್ಕಿನ ಮಾತಿಗೆ ಮೊದಲು, ಅದು ನಮ್ಮದಾದ ಬಗೆ ಹೇಳಬೇಕು. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕ್ಲಬ್ ಕಟ್ಟಿದಾಗ ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಆ ದೊಡ್ಡ ಊರಿನಲ್ಲಿ ನನ್ನದು ಅಂತ ಏನೂ ಇರಲಿಲ್ಲ. ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಗುರುತಿಲ್ಲದವರ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದಾಗ ಮೊದಲ ಸಲ ಆ ಊರು ನನ್ನದೂ ಹೌದು ಅನ್ನಿಸಿತು. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಮತ್ತೆ ಗೆದ್ದರು. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆದರು. 2019ರ ಮಾರ್ಚಿನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ಐಎಸ್‌ಎಲ್ ಬಂತು. ಅಷ್ಟರಲ್ಲಿ ನಾನು ಊರಿಗೆ ಮರಳಿದ್ದೆ. ಉಳಿದ ಮೂವರಿಗೂ ಈ ರೋಗ ಅಂಟಿಸಿದವನು ನಾನೇ.

ಆಮೇಲೆ ಇಳಿಜಾರು. 2021ರಲ್ಲಿ ಏಳನೆಯ ಸ್ಥಾನ. ನಡುಭಾಗವನ್ನು ನಾಲ್ಕು ವರ್ಷ ಹೊತ್ತಿದ್ದ ಎರಿಕ್ ಪಾರ್ಟಲು ಮತ್ತು ಡಿಮಾಸ್ ಡೆಲ್ಗಾಡೊ ಆ ವರ್ಷವೇ ಹೋದರು. ಗೋಲು ಹೊಡೆಯುತ್ತಿದ್ದ ಕ್ಲೀಟನ್ ಸಿಲ್ವಾ 2022ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದ. ಆ ವರ್ಷ ಬಂದ ರಾಯ್ ಕೃಷ್ಣ ಮರುವರ್ಷ ಒಡಿಶಾಗೆ ನಡೆದ. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ.

ಕಿತ್ತೂರಿನ ಮಾಸ್ತರನಿಗೆ ಹೀಗೆ ಹೋದವರೆಲ್ಲ ಮಲ್ಲಪ್ಪಶೆಟ್ಟಿಗಳು. ಕಿತ್ತೂರಿನಲ್ಲಿ ಹುಟ್ಟಿದವನಿಗೆ ದ್ರೋಹ ಅಂದಕೂಡಲೇ ಬಾಯಿಗೆ ಬರುವ ಹೆಸರು ಅದು. ಚೆನ್ನಮ್ಮ ಸೆರೆಯಲ್ಲಿದ್ದು ತೀರಿಕೊಂಡ ಊರಿನವನಾದ ನನಗೂ ಆ ಹೆಸರು ಹೊಸದಲ್ಲ. ಆದರೆ ಆ ಕಥೆಯನ್ನೇ ಸರಿಯಾಗಿ ನೋಡಿದರೆ ಮಾಸ್ತರನ ಮಾತು ನಿಲ್ಲುವುದಿಲ್ಲ. ಮಲ್ಲಪ್ಪಶೆಟ್ಟಿಯ ಮೇಲಿನ ಆರೋಪ ಕಿತ್ತೂರು ಬಿಟ್ಟು ಹೋದ ಎಂದಲ್ಲ. ಬಿಡದೆ, ಒಳಗೇ ಇದ್ದು, ನಂಬಿಕೆಯ ಹುದ್ದೆಯಲ್ಲಿ ಕುಳಿತು ಹೊರಗಿನವರ ಕೆಲಸ ಮಾಡಿದ ಎಂದು. ದ್ರೋಹಕ್ಕೆ ಕೊಟ್ಟ ಮಾತೊಂದು ಇರಬೇಕು, ಅದನ್ನು ಒಳಗಿದ್ದೇ ಮುರಿದಿರಬೇಕು. ಎರಡು ವರ್ಷ ಆಡುತ್ತೇನೆಂದು ಸಹಿ ಹಾಕಿ, ಎರಡು ವರ್ಷ ಆಡಿ, ಎಲ್ಲರ ಎದುರಿಗೆ ಗಂಟು ಕಟ್ಟಿಕೊಂಡು ಹೋದವನು ಯಾವ ಮಾತು ಮುರಿದ? ಆಡುವ ಕಾಲು ಹತ್ತು-ಹನ್ನೆರಡು ವರ್ಷದ್ದು. ಆಮೇಲೆ ಅವನ ಮನೆಗೆ ಅಕ್ಕಿ ತರುವವರು ನಾವಲ್ಲ.

ಈ ಹೋಗುವಿಕೆ ಹೊಸದೂ ಅಲ್ಲ. ಬರಿಗಾಲಲ್ಲಿ ಚೆಂಡು ಆಡಿಸುತ್ತಿದ್ದ ಬೆಂಗಳೂರಿನ ಅಹ್ಮದ್ ಖಾನ್ 1948ರ ಒಲಿಂಪಿಕ್ಸ್ ಆಡಿದವರು. 1949ರಲ್ಲಿ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಇನ್ನೊಬ್ಬ ಪಾಂಡವ ಧನರಾಜ್ ಕೂಡ ನಮ್ಮ ಬೆಂಗಳೂರಿನವರೇ. ಅವರನ್ನು ದ್ರೋಹಿ ಅಂದವರನ್ನು ನಾನು ನೋಡಿಲ್ಲ. ನಮ್ಮ ಹುಡುಗ ಕಲ್ಕತ್ತಕ್ಕೆ ಹೋದರೆ ಹೆಮ್ಮೆ, ಅದೇ ಕಲ್ಕತ್ತಕ್ಕೆ ನಮ್ಮ ಟೀಮಿನವನು ಹೋದರೆ ದ್ರೋಹ. ಒಂದೇ ತಕ್ಕಡಿಗೆ ನಾವು ಎರಡು ಥರದ ಕಲ್ಲು ಹಾಕುತ್ತೇವೆ.

ಆ ಎರಡನೆಯ ಕಲ್ಲನ್ನು ನಾನು ಮನೆಯಲ್ಲೂ ಬಳಸಿದ್ದೇನೆ. ನನ್ನ ತಮ್ಮ 2016ರಲ್ಲಿ ಹೊಲ ಬಿಟ್ಟು ಪುಣೆಯ ಕಡೆ ಕಾರ್ಖಾನೆಯ ಕೆಲಸಕ್ಕೆ ಹೊರಟ. ಎರಡು ವರ್ಷ ಮಳೆ ಕೈಕೊಟ್ಟಿತ್ತು, ಹತ್ತಿಯ ಮೇಲೆ ಮಾಡಿದ ಸಾಲ ಹಾಗೇ ಇತ್ತು. ಆದರೂ ನಾನು ಅವನಿಗೆ ಅಂದದ್ದು: “ಅಪ್ಪಗ ಮೋಸ ಮಾಡಿ ಹೊಂಟಿ.” ಅವನು ಏನೂ ಅನ್ನಲಿಲ್ಲ. ಪುಣೆಯಿಂದ ತಿಂಗಳಿಗೆ ತಪ್ಪದೆ ದುಡ್ಡು ಕಳಿಸಿದ, ಆ ಸಾಲ ತೀರಿದ್ದು ಅದರಿಂದ. ನನಗೆ ನೋವಾಗಿತ್ತು, ಅದು ನಿಜ. ಆದರೆ ನನಗೆ ನೋವಾಯಿತು ಅನ್ನುವುದು ಅವನು ತಪ್ಪು ಮಾಡಿದ ಅನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಇಷ್ಟು ಸಣ್ಣ ಮಾತು ತಿಳಿಯಲು ನನಗೆ ವರ್ಷಗಳು ಬೇಕಾದವು.

ಅದೇ ತಮ್ಮ ರಜೆಯ ದಿನ ಬಾಲೇವಾಡಿ ಮೈದಾನಕ್ಕೆ ಹೋಗಿ ಎಫ್‌ಸಿ ಪುಣೆ ಸಿಟಿಯ ಆಟ ನೋಡಲು ಕಲಿತಿದ್ದ. 2019ರಲ್ಲಿ ಆ ಕ್ಲಬ್ ಮುಚ್ಚಿತು. ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. 2022ರಲ್ಲಿ ಐಎಸ್‌ಎಲ್ ಗೆದ್ದ ಆ ಕ್ಲಬ್ಬೂ ಹಣಕಾಸಿನ ತೊಂದರೆಗೆ ಸಿಕ್ಕಿ 2025ರಲ್ಲಿ ದೆಹಲಿಗೆ ಹೋಯಿತು. ತಮ್ಮ ಫೋನಿನಲ್ಲಿ ಕೇಳಿದ: “ಅಣ್ಣಾ, ಆಟಗಾರ ಹೋದ್ರ ದ್ರೋಹಿ ಅಂತಿ. ಟೀಮ ಹೋದ್ರ ಯಾರಿಗೆ ಏನ ಅನ್ಲಿ?”

ಆಟಗಾರ ಹೋದರೆ ದ್ರೋಹ ಅನ್ನುವ ನಾವೇ ಮಾಲೀಕ ಹೋದರೆ ‘ವ್ಯವಹಾರ’ ಅಂದು ಸುಮ್ಮನಾಗುತ್ತೇವೆ. ದುಡಿಯುವವನಿಗೆ ಧರ್ಮದ ಮಾತು, ದುಡ್ಡು ಹಾಕಿದವನಿಗೆ ಲೆಕ್ಕದ ಮಾತು.

2025ರಲ್ಲಿ ಇದು ನಮ್ಮ ಬಾಗಿಲಿಗೂ ಬಂತು. ಭಾರತೀಯ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಹದಿನೈದು ವರ್ಷದ ಒಪ್ಪಂದ ಆ ಡಿಸೆಂಬರಿಗೆ ಮುಗಿಯುವುದಿತ್ತು, ಮುಂದಿನದು ತೀರ್ಮಾನವಾಗಿರಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಅದಕ್ಕೆ ನಾಲ್ಕೇ ತಿಂಗಳ ಹಿಂದೆ, ಏಪ್ರಿಲ್ 12ರಂದು, ಇದೇ ತಂಡ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಐಎಸ್‌ಎಲ್ ಫೈನಲ್ ಆಡಿತ್ತು.

ಆ ದಿನ ನಾವು ಮೂವರು ಕ್ಲಬ್ಬಿನ ಗತಿ ಏನು ಅಂತ ಗೋಳಾಡುತ್ತಿದ್ದರೆ ರಾಮದುರ್ಗದವನು ಸಿಟ್ಟಾದ: “ಮಗ್ಗ ನಿಂತಾಗ ಮೊದಲ ಕೇಳೂದು ಸೀರಿ ಗತಿ ಏನಂತಲ್ಲ, ನೇಯಾವನ ಮನ್ಯಾಗ ಒಲಿ ಉರಿತೈತೇನು ಅಂತ.” ಅಭಿಮಾನಿಯ ದುಃಖ ದೊಡ್ಡದಿರಬಹುದು, ಅದರ ಸರದಿ ಎರಡನೆಯದು. ಮೈದಾನದ ಹುಲ್ಲು ಕತ್ತರಿಸುವವನ, ಬಟ್ಟೆ ತೊಳೆಯುವವನ ಸಂಬಳ ಮೊದಲನೆಯದು.

ಮಾಲೀಕರ ಪರವಾಗಿಯೂ ಮಾತಿದೆ, ಅದನ್ನು ಪ್ರಾಮಾಣಿಕವಾಗಿ ಆಡಬೇಕು. ಹನ್ನೆರಡು ವರ್ಷ ಹಣ ಹಾಕಿದ್ದು ಅವರು. ಆಟವೇ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದಾಗ ಯಾರೂ ಕೈ ಬಿಗಿ ಹಿಡಿಯುತ್ತಾರೆ. ನಾನು ಹಾಕಿದ್ದೇನು? ಕೆಲವು ಟಿಕೆಟ್ಟು, ಒಂದು ನೀಲಿ ಅಂಗಿ, ಒಂದಿಷ್ಟು ಗಂಟಲು. ಸವದತ್ತಿಯವನು ಇಲ್ಲಿ 1974ರ ಭೂಸುಧಾರಣೆಯನ್ನು ತರುತ್ತಾನೆ. ಅವನ ಅಜ್ಜ ಡಿಕ್ಲರೇಷನ್ ಹಾಕಿ ಲಾವಣಿ ಹೊಲಕ್ಕೆ ಒಡೆಯನಾದವನು. ಉಳುವವನೇ ಒಡೆಯ ಆಗುವುದಾದರೆ ಕೂಗುವವನೂ ಒಡೆಯ ಅನ್ನುವುದು ಅವನ ವಾದ. ನಾನು ಒಪ್ಪುವುದಿಲ್ಲ. ಅವನ ಅಜ್ಜ ಬೆವರು ಸುರಿಸಿದ, ಬೆಳೆ ಹೋದರೆ ಹಸಿದ. ಬೆಂಗಳೂರು ಸೋತರೆ ನಾನು ಊಟ ಬಿಡುವುದು ಒಂದು ಹೊತ್ತು, ಅದೂ ಬೇಕಂತಲೇ.

ಹಾಗಾದರೆ ನಾವು ಬರೀ ಗಿರಾಕಿಗಳೇ? ಅದೂ ಅಲ್ಲ. ಚಹಾ ಕೆಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹತ್ತನೆಯ ಸ್ಥಾನಕ್ಕೆ ಬಿದ್ದಾಗ ಪಕ್ಕದ ಕ್ಲಬ್ಬಿಗೆ ಹೋದವರನ್ನು ನಾನು ಕಂಡಿಲ್ಲ. ಒಡೆಯರೂ ಅಲ್ಲದ, ಗಿರಾಕಿಗಳೂ ಅಲ್ಲದ ನಾವು ನಡುವಿನವರು. ಆಟದಲ್ಲಿಯ ನಡುಭಾಗದವರ ಹಾಗೆ, ಎಲ್ಲ ಸರಿ ಇರುವಾಗ ಲೆಕ್ಕಕ್ಕಿಲ್ಲ, ಇಲ್ಲದಾಗ ಮಾತ್ರ ಕಾಣುತ್ತೇವೆ.

ಈ ನಡುವಿನವರಿಗೆ ಸಲ್ಲಬೇಕಾದದ್ದೊಂದು ಇದೆ. ಮಾಲೀಕರು ಕ್ಲಬ್ಬಿಗೆ ತಮ್ಮ ಕಂಪನಿಯ ಹೆಸರಿಡಲಿಲ್ಲ, ಊರಿನ ಹೆಸರಿಟ್ಟರು. ಆ ಹೆಸರು ಅವರದಲ್ಲ, ಕಡ ತಂದದ್ದು. ಎತ್ತು ಕಡ ತಂದವನು ಅದನ್ನು ತನ್ನ ಹೊಲಕ್ಕೆ ಹೂಡಬಹುದು, ಸಂತೆಯಲ್ಲಿ ಮಾರುವಂತಿಲ್ಲ. ಊರಿನ ಹೆಸರು ಕಡ ತಂದವರು ಮೂರು ಮಾತಿಗೆ ಬದ್ಧರು: ದುಡಿಯುವವರ ಸಂಬಳ ಮೊದಲು, ಕಷ್ಟ ಬಂದರೆ ಮುಂಚೆಯೇ ತಿಳಿಸುವುದು, ಬಿಡುವುದಾದರೆ ಬೇರೆಯವರು ಹಿಡಿಯುವಂತೆ ಬಿಡುವುದು. ಯಾರನ್ನು ಕೊಳ್ಳಬೇಕು, ನಡುಭಾಗದಲ್ಲಿ ಯಾರು ಆಡಬೇಕು ಎಂದು ತೀರ್ಮಾನಿಸುವ ಹಕ್ಕು ಇದರಿಂದ ನಮಗೆ ಬರುವುದಿಲ್ಲ. ಕೇಳುವ ಹಕ್ಕು ಬರುತ್ತದೆ.

ಕೇಳಿದರೆ ಆಗುತ್ತದೆ ಎಂಬುದಕ್ಕೆ ಕೋಲ್ಕತ್ತವೇ ಸಾಕ್ಷಿ. 1889ರ ಮೋಹನ್ ಬಾಗಾನ್ 2020ರಲ್ಲಿ ಎಟಿಕೆಯ ಜೊತೆ ಸೇರಿದಾಗ ಹೆಸರಿನ ಮುಂದೆ ‘ಎಟಿಕೆ’ ಬಂದು ಕೂತಿತು. ಅಭಿಮಾನಿಗಳು ಮೂರು ವರ್ಷ ಬಿಡದೆ ವಿರೋಧಿಸಿದರು, 2023ರಲ್ಲಿ ಆ ಅಕ್ಷರಗಳು ಹೋದವು. ಜರ್ಮನಿಯಲ್ಲಿ ಕೆಲವು ವಿನಾಯಿತಿ ಬಿಟ್ಟರೆ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಆದರೆ ಅಲ್ಲಿಯ ಸದಸ್ಯ ವರ್ಷವರ್ಷ ಚಂದಾ ಕಟ್ಟುತ್ತಾನೆ, ಸಭೆಗೆ ಹೋಗುತ್ತಾನೆ. ಅವನ ‘ನಮ್ಮದು’ ಪುಕ್ಕಟೆಯದಲ್ಲ.

ನನ್ನದು? 2018ರ ಜೂನಿನಲ್ಲಿ ಸುನಿಲ್ ಛೆಟ್ರಿ ಒಂದು ವಿಡಿಯೊ ಮಾಡಿ, ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬನ್ನಿ ಎಂದು ಜನರನ್ನು ಬೇಡಿಕೊಂಡಿದ್ದ. ಅದನ್ನು ನಾನು ಹತ್ತು ಜನರಿಗೆ ಕಳಿಸಿದ್ದೆ. ಆದರೆ ಹತ್ತನೆಯ ಸ್ಥಾನದ ಆ ವರ್ಷ ಕೊನೆಯ ಎರಡು ತಿಂಗಳ ಆಟ ನಾನು ನೋಡಲೇ ಇಲ್ಲ. ಟೀಕೆಯನ್ನು ಮಾತ್ರ ಬಿಡಲಿಲ್ಲ. ಮರುವರ್ಷ ಫೈನಲ್ಲಿಗೆ ಬಂದಾಗ ಪೆಟ್ಟಿಗೆಯ ತಳದಿಂದ ನೀಲಿ ಅಂಗಿ ತೆಗೆದೆ. ಗೆದ್ದರೆ ನಮ್ಮದು, ಸೋತರೆ ಮಾಲೀಕರದು.

ನಿಂತುಹೋಗಿದ್ದ ಲೀಗ್ 2026ರ ಫೆಬ್ರವರಿಯಲ್ಲಿ ಮತ್ತೆ ಶುರುವಾಯಿತು. ತಮ್ಮ ಜಾತ್ರೆಗೆ ಊರಿಗೆ ಬಂದಾಗ ಹತ್ತು ವರ್ಷದ ಹಿಂದಿನ ಆ ಮಾತಿಗೆ ಅವನ ಹತ್ತಿರ ತಪ್ಪಾಯಿತು ಅಂದೆ. ಅವನು, “ಬಿಡಣ್ಣಾ, ನೀ ಬೈದದ್ದಕ್ಕ ಊರು ಇನ್ನೂ ನಂದು ಅನ್ನಿಸ್ತಿತ್ತು” ಅಂದ. ಬೈಗುಳದಲ್ಲೂ ಅವನು ನಂಟು ಹುಡುಕಿಕೊಂಡಿದ್ದ. ಅದು ಅವನ ದೊಡ್ಡತನ, ನನ್ನದಲ್ಲ.

ಕಾಕಾನ ಪ್ರಶ್ನೆಗೆ ಮುಂದಿನ ಸಲ ಉತ್ತರ ಹೇಳಬೇಕೆಂದಿದ್ದೇನೆ. ಪಾಲು ಏನೂ ಇಲ್ಲ ಕಾಕಾ. ಸೋತಾಗಲೂ ನೋಡುವುದು, ಹೋದವನನ್ನು ಬೈಯದೆ ಕಳಿಸುವುದು, ಸಂಬಳ ನಿಂತಾಗ ಆಟಕ್ಕಿಂತ ಮೊದಲು ಅದನ್ನು ಕೇಳುವುದು. ಇಷ್ಟು ಮಾಡಿದ ವರ್ಷ ನಮ್ಮದು ಅನ್ನುತ್ತೇನೆ, ಮಾಡದ ವರ್ಷ ಸುಮ್ಮನೆ ಚಹಾ ಕುಡಿದು ಎದ್ದು ಹೋಗುತ್ತೇನೆ.