ಗಿರಣಿಯ ಮನೆಗೆ ಬಿದ್ದ ಮತ

ತಂದೆಯ ಆಸ್ತಿ ಮಕ್ಕಳಿಗೆ ಹೇಗೆ ಬರಬೇಕೆಂದು ಕಾನೂನು ಹೇಳುತ್ತದೆ. ತಂದೆಯ ಹೆಸರಿನ ಮೇಲೆ ಜನ ಇಟ್ಟ ನಂಬಿಕೆಯೂ ಮಗನಿಗೆ ಬಂದರೆ? ಅದನ್ನು ಅವನ ಸ್ವಂತ ಗಳಿಕೆ ಎನ್ನೋಣವೇ, ಪಿತ್ರಾರ್ಜಿತ ಎನ್ನೋಣವೇ? ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಸೋಂ ಎಂಬ ಫ್ರೆಂಚ್ ಭಾಷಿಕ ಮನೆತನದ ಬಗ್ಗೆ ಓದುವಾಗ ಈ ಪ್ರಶ್ನೆಯನ್ನು ದಾಟಿ ಹೋಗಲು ನನಗೆ ಆಗುವುದಿಲ್ಲ.

ಜೋಸೆಫ್ ಮಾಸೋಂ 1791ರಲ್ಲಿ ಹುಟ್ಟಿದ್ದು ಬಡಗಿಯೊಬ್ಬನ ಮನೆಯಲ್ಲಿ. ಅಂಗಡಿ ಗುಮಾಸ್ತನಾಗಿ ಶುರುಮಾಡಿದವನು ಗ್ಲ್ಯಾಸ್ಗೋದ ವರ್ತಕ ಹ್ಯೂ ರಾಬರ್ಟ್‌ಸನ್ನನ ಪಾಲುದಾರನಾದ. ಬ್ರಿಟನ್ನಿನಿಂದ ಬಟ್ಟೆ ತರಿಸಿದ, ಅಲ್ಲಿಗೆ ಪೊಟ್ಯಾಷ್ ಕಳಿಸಿದ, ಬ್ಯಾಂಕ್ ಆಫ್ ಮಾಂಟ್ರಿಯಲ್‌ನ ಉಪಾಧ್ಯಕ್ಷನೂ ಆದ. ದೊಡ್ಡ ವ್ಯಾಪಾರ ಬಹುಪಾಲು ಇಂಗ್ಲಿಷ್ ಮಾತಾಡುವವರ ಕೈಯಲ್ಲಿದ್ದ ಕಾಲ ಅದು. ‘ನಮ್ಮವನೊಬ್ಬ ಗೆದ್ದ’ ಎಂಬ ಹೆಮ್ಮೆಯೂ ಒಂದು ಬಂಡವಾಳವೇ.

1832ರಲ್ಲಿ ಅವನು ಸುಮಾರು 25,000 ಪೌಂಡ್ ಕೊಟ್ಟು ತೆರ್ಬೋನ್ ಸೀನ್ಯೋರಿಯನ್ನು ಕೊಂಡ. ಹೆಚ್ಚುಕಡಿಮೆ ಜಹಗೀರಿನಂಥದ್ದು ಅದು. ಒಕ್ಕಲುಗಳು ವರ್ಷಾವರಿ ಗೇಣಿ ಕೊಡಬೇಕು. ಜೊತೆಗೆ, ತಮ್ಮ ಧಾನ್ಯವನ್ನು ಒಡೆಯನ ಗಿರಣಿಯಲ್ಲೇ ಬೀಸಿಸಿ ಹದಿನಾಲ್ಕರಲ್ಲಿ ಒಂದು ಪಾಲು ಅಲ್ಲೇ ಬಿಟ್ಟು ಬರಬೇಕು. ಊರಿಗೆ ಹಿಟ್ಟು ಕೊಡುವವನೂ ಅವನೇ, ಬೇರೆ ಕಡೆ ಹೋಗದಂತೆ ತಡೆಯುವವನೂ ಅವನೇ. ಇಂಥ ಕಡೆ ಕೃತಜ್ಞತೆ ಮತ್ತು ಅನಿವಾರ್ಯತೆಯನ್ನು ಬೇರ್ಪಡಿಸುವುದು ಒಕ್ಕಲಿಗೇ ಕಷ್ಟವಾಗಿದ್ದಿರಬೇಕು.

1847ರಲ್ಲಿ ಜೋಸೆಫ್ ತೀರಿಕೊಂಡ ಮೇಲೆ ಆಡಳಿತಕ್ಕೆ ನಿಂತವಳು ಹೆಂಡತಿ ಸೋಫಿ ರೇಮೋಂ. ಗಿರಣಿಗಳನ್ನು ಬೆಳೆಸಿದಳು, ದೊಡ್ಡ ಬಂಗಲೆ ಕಟ್ಟಿಸಿದಳು. ಅವಳು ಒಡತಿಯಾದ ಎರಡೇ ವರ್ಷಕ್ಕೆ, 1849ರಲ್ಲಿ, ಆಸ್ತಿಯುಳ್ಳ ಹೆಂಗಸರಿಗೆ ಅಲ್ಲಿ ಇದ್ದ ಮತದ ಹಕ್ಕನ್ನೂ ಕಾನೂನು ಕಿತ್ತುಕೊಂಡಿತು. ಒಕ್ಕಲಿನವನು ಮತ ಹಾಕಬಹುದು, ಒಡತಿ ಹಾಕುವಂತಿಲ್ಲ! ಆದರೂ ಊರಿನ ಮೇಲೆ ಯಾರ ಮಾತು ನಡೆಯುತ್ತಿತ್ತು ಎಂಬುದರಲ್ಲಿ ನನಗೇನೂ ಅನುಮಾನವಿಲ್ಲ.

1854ರಲ್ಲಿ ಸೀನ್ಯೋರಿ ಪದ್ಧತಿ ರದ್ದಾಯಿತು. ಗಿರಣಿಯ ಕಟ್ಟುಪಾಡು ಹೋಯಿತು, ಕಳೆದುಕೊಂಡ ಹಕ್ಕುಗಳಿಗಾಗಿ ಸೀನ್ಯೋರ್‌ಗಳಿಗೆ ಪರಿಹಾರ ಸಿಕ್ಕಿತು. ಇಡುಗಂಟು ಕೊಟ್ಟು ಬಿಡಿಸಿಕೊಳ್ಳದ ಒಕ್ಕಲಿಗೆ ಗೇಣಿ ಮಾತ್ರ ತಪ್ಪಲಿಲ್ಲ. ಹಾಗಿರುವಾಗ, 1867ರಲ್ಲಿ, ಮಗ ರೊದ್ರಿಗ್ ಮಾಸೋಂ ತೆರ್ಬೋನ್‌ನಿಂದಲೇ ಕೆನಡಾದ ಮೊದಲ ಸಂಸತ್ತಿಗೆ ಆರಿಸಿಬಂದ. ಮುಂದೆ ಊರಿನ ಮೇಯರ್, ಕೇಂದ್ರದಲ್ಲಿ ಮಂತ್ರಿ, 1884ರಿಂದ 1887ರವರೆಗೆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್. ವಕೀಲಿಕೆ ಓದಿದವನು, ದಡ್ಡನೇನಲ್ಲ. ಆದರೆ ಗುಪ್ತ ಮತದಾನ ಬಂದದ್ದು 1874ರಲ್ಲಿ. ಅದಕ್ಕೂ ಮುಂಚೆ ಕ್ವಿಬೆಕ್‌ನಲ್ಲಿ, ಸ್ಪರ್ಧೆ ನಡೆದ ಕಡೆಯಲ್ಲೆಲ್ಲ, ಮತದಾರ ಎಲ್ಲರೆದುರು ನಿಂತು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಬೆದರಿಸುವುದೇ ಬೇಕಿಲ್ಲ, ಯಾರ ತಾಯಿಗೆ ಗೇಣಿ ಹೋಗುತ್ತದೆಂದು ಹೇಳುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಹಾಗಾದರೆ ರೊದ್ರಿಗ್ ಚುನಾವಣೆಗೆ ನಿಲ್ಲಬಾರದಿತ್ತೇ? ಹುಟ್ಟಿದ ಮನೆಗಾಗಿ ಒಬ್ಬನ ಹಕ್ಕು ಕಸಿಯುವುದು ನ್ಯಾಯವಲ್ಲ. ಬಡಗಿಯ ಮಗನಿಗೆ ಬೇಡವೆನ್ನದ ಹುಟ್ಟು ಒಡತಿಯ ಮಗನಿಗೂ ಅಡ್ಡಬರಬಾರದು. ನನ್ನ ತಕರಾರು ಇಷ್ಟೇ: ಒಂದೇ ಮನೆ ಗೇಣಿಯನ್ನೂ ಮತವನ್ನೂ ಕೇಳಿದಾಗ, ‘ಜನ ಆರಿಸಿದರು’ ಎಂಬ ಮಾತಿಗೆ ಪೂರ್ತಿ ತೂಕ ಬರುವುದಿಲ್ಲ. ಎರಡರಲ್ಲಿ ಗೇಣಿಯನ್ನಾದರೂ ಮೊದಲು ಬಿಡಬಹುದಿತ್ತು. ಕ್ವಿಬೆಕ್‌ನ ಒಕ್ಕಲುಗಳು ಸೀನ್ಯೋರ್‌ಗಳ ಮನೆಗೆ ಗೇಣಿ ಕಟ್ಟುವುದು ನಿಂತದ್ದು 1940ರಲ್ಲಿ.